ಎರಡೂವರೆ ಗಂಟೆಯ ಭಯ

ಕಂಟ್ರೋಲರಿಗೆ ಹೆದರಲು ಕಾರಣ ಬೇಕಿರಲಿಲ್ಲ. ಇದ್ದರೆ ಅನುಕೂಲ, ಇಲ್ಲದಿದ್ದರೆ ತಾವೇ ಹುಡುಕಿಕೊಳ್ಳುವಷ್ಟು ಸ್ವಾವಲಂಬಿಗಳಾಗಿದ್ದರು. ಕುಕ್ಕರ್ ಸೀಟಿ ಹೊಡೆಯುವ ಮುಂಚೆಯೇ ಅಡುಗೆಮನೆ ಖಾಲಿ ಮಾಡುತ್ತಿದ್ದರು. ಲಿಫ್ಟೆಂದರೆ ಬಾಗಿಲಿರುವ ಬಾವಿ ಎಂಬುದು ಅವರ ಅಭಿಪ್ರಾಯ. ಹೀಗಾಗಿ ಮೂರನೇ ಮಹಡಿಗಿಂತ ಮೇಲೆ ವಾಸಿಸುವ ನೆಂಟರ ಜೊತೆ ಬಳಕೆ ತಾನಾಗಿಯೇ ತಪ್ಪಿಹೋಗಿತ್ತು. ವೈದ್ಯರು “ಏನೂ ತೊಂದರೆ ಇಲ್ಲ” ಎಂದರೆ, ಏನೋ ಮುಚ್ಚಿಡುತ್ತಿದ್ದಾರೆಂದು ಇನ್ನೊಬ್ಬ ವೈದ್ಯರ ಬಾಗಿಲು ತಟ್ಟುತ್ತಿದ್ದರು.

ಇಂಥವರಿಗೆ ಸಿಕ್ಕಿದ್ದು ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂರುವ ಕೆಲಸ. ಯಾವ ಬಸ್ಸು ಎಷ್ಟು ಗಂಟೆಗೆ ಬಿಡಬೇಕು, ಎಷ್ಟು ಗಂಟೆಗೆ ಸೇರಬೇಕು ಎಂದು ನೋಡಿಕೊಳ್ಳುವುದು, ಮೈಕಿನಲ್ಲಿ ಕೂಗುವುದು. ಅದಕ್ಕೇ ಅವರನ್ನು ಎಲ್ಲರೂ ಕಂಟ್ರೋಲರ್ ಎಂದು ಕರೆಯುತ್ತಿದ್ದರು. ಬಸ್ಸು ಹತ್ತು ನಿಮಿಷ ತಡವಾಯಿತೋ, ಕಂಟ್ರೋಲರ ಕಣ್ಣೆದುರು ಅದು ಹಳ್ಳಕ್ಕೆ ಉರುಳಿ, ಚಕ್ರ ಮೇಲೆ ಮಾಡಿ ಮಲಗಿರುತ್ತಿತ್ತು. ಇವರು ಕಂಡಕಂಡವರಿಗೆ ಫೋನು ಹಚ್ಚುತ್ತಿದ್ದರು. ಹತ್ತರಲ್ಲಿ ಒಂದು ಸಲ ನಿಜಕ್ಕೂ ಬಸ್ಸು ಎಲ್ಲೋ ಕೆಟ್ಟು ನಿಂತಿರುತ್ತಿತ್ತು. ಆ ಒಂದು ಸಲದ ಪುಣ್ಯದಿಂದ ಅವರಿಗೆ ಜವಾಬ್ದಾರಿಯುತ ಅಧಿಕಾರಿ ಎಂಬ ಹೆಸರು ಬಂದಿತ್ತು. ಭಯವನ್ನೇ ದುಡಿಮೆಗೆ ಹಚ್ಚಿ ಬದುಕಿದ ಮನುಷ್ಯ.

ಆದರೆ ಒಳಗಿನ ಭಯ ಮೈಕಿಗೆ ಗೊತ್ತಾಗುವಂತಿರಲಿಲ್ಲ. ಜನ ಬಂದು ಗಾಜು ಕುಟ್ಟಿದರೆ “ಬರ್ತಾ ಇದೆ, ಇನ್ನು ಹತ್ತೇ ನಿಮಿಷ” ಎನ್ನುತ್ತಿದ್ದರು. ಹೊಸ ಕಂಡಕ್ಟರುಗಳಿಗೆ ಅವರು ಕಲಿಸುತ್ತಿದ್ದ ಮೊದಲ ಪಾಠವೂ ಅದೇ: “ದಾರೀಲಿ ಗಾಡಿ ಕೆಟ್ರೆ ಮುಖ ಕೆಡಿಸ್ಕೋಬೇಡಿ. ನಗ್ತಾ ಇರಿ. ಎಲ್ಲರನ್ನೂ ಇಳಿಸಿ ಟೀ ಕುಡಿಸಿ. ಬಾಯಿಗೆ ಏನಾದ್ರೂ ಬಿದ್ರೆ ಜನ ಪ್ರಶ್ನೆ ಕೇಳಲ್ಲ.”

ಇಷ್ಟು ಹೆದರುವ ಜೀವ ಬೆಳೆದು ದೊಡ್ಡದಾದದ್ದು ಅಕ್ಕನ ಸೆರಗಿನ ಮರೆಯಲ್ಲಿ. ತಾಯಿ ಬೇಗ ತೀರಿಕೊಂಡಾಗ ಅಕ್ಕನಿಗೇ ಇನ್ನೂ ಹದಿನಾಲ್ಕು. ಶಾಲೆಯ ಗೇಟಿನವರೆಗೆ ಕೈಹಿಡಿದು ಬಿಡುವವಳು, ಬೀದಿನಾಯಿಗೂ ತಮ್ಮನಿಗೂ ನಡುವೆ ನಿಲ್ಲುವವಳು, ತಮ್ಮನನ್ನು ಅಳಿಸಿದ ಮೇಷ್ಟರ ಮನೆಗೇ ಹೋಗಿ ಜಗಳವಾಡಿ ಬಂದವಳು ಅವಳೇ. “ಪುಕ್ಕಲಾ” ಎಂದು ಅವಳು ಇಟ್ಟ ಹೆಸರು ಬೈಗುಳವಾಗಿರಲಿಲ್ಲ, ಮುದ್ದಿನ ಹೆಸರಾಗಿತ್ತು. ತಮ್ಮನಿಗೆ ಕೆಲಸ ಸಿಕ್ಕಿದ ಮೇಲೆ ಅವಳು ದೂರದೇಶದ ವೃದ್ಧಾಶ್ರಮವೊಂದರ ಅಡುಗೆಮನೆಗೆ ಕೆಲಸಕ್ಕೆ ಹೋದಳು. ಒಬ್ಬಳೇ ಹೋದಳು, ಒಬ್ಬಳೇ ಇದ್ದಳು. ಮೂರು ನಾಲ್ಕು ವರ್ಷಕ್ಕೊಮ್ಮೆ ವಿಮಾನದಲ್ಲಿ ಬಂದಿಳಿದರೆ, ಪಕ್ಕದ ಬೀದಿಗೆ ತರಕಾರಿಗೆ ಹೋಗಿ ಬಂದವಳಂತೆ ಕಾಣುತ್ತಿದ್ದಳು.

ಆ ಅಕ್ಕ ಒಂದು ಬೆಳಿಗ್ಗೆ ಫೋನು ಮಾಡಿದಳು. ಹೃದಯದ ಕವಾಟವೊಂದು ಹಾಳಾಗಿದೆ, ಶಸ್ತ್ರಚಿಕಿತ್ಸೆ ಆಗಬೇಕು.

“ಎರಡು ಸಲ ಕರ್ಕೊಂಡು ಹೋಗಿದ್ರು ಕಣೋ. ಎರಡು ಸಲವೂ ಬಾಗಿಲ ಹತ್ರ ಗಾಲಿಮಂಚದಿಂದ ಇಳಿದು ವಾಪಸ್ ಬಂದೆ.”

“ಯಾಕಕ್ಕಾ?”

“ಆ ಡಾಕ್ಟರ ಮುಖ ಸರಿಯಿಲ್ಲ. ಎರಡನೇ ಸಲ ಒಳಗಿಂದ ಸಿಕ್ಕಾಪಟ್ಟೆ ಚಳಿ ಬರ್ತಿತ್ತು. ಅಂಥ ಚಳೀಲಿ ಯಾರಾದ್ರೂ ಎದೆ ಬಿಚ್ಕೊಂಡು ಮಲಗ್ತಾರಾ? ಬರೋ ಗುರುವಾರ ಮಧ್ಯಾಹ್ನ ಮೂರಕ್ಕೆ ಮತ್ತೆ ಇಟ್ಟಿದ್ದಾರೆ. ಈ ಸಲವೂ ವಾಪಸ್ ಬಂದ್ರೆ ಮುಂದೆ ತಿಂಗಳುಗಟ್ಟಲೆ ಕಾಯಬೇಕಂತೆ. ಅಷ್ಟು ಕಾಯೋ ಶಕ್ತಿ ಆ ಕವಾಟಕ್ಕಿಲ್ಲ ಅಂತಾರೆ. ನೀನು ಬಾ. ನೀನು ಬಂದ್ರೆ ಹೋಗ್ತೀನಿ.”

ಕಂಟ್ರೋಲರ್ “ಬರ್ತೀನಿ” ಎಂದರು. ಹೇಳಿ ಫೋನಿಟ್ಟ ಮೇಲೆ ತಾವು ಹೇಳಿದ್ದೇನೆಂದು ಹೊಳೆದು ಕುರ್ಚಿ ಹಿಡಿದು ಕೂತರು.

ಭಾವಮೈದ ಟಿಕೆಟ್ ಮಾಡಿಸಿ ಕಳಿಸಿದ. ಹಾಳೆಯ ಮೇಲೆ ಅಚ್ಚಾಗಿತ್ತು: ಹೊರಡುವುದು ಬೆಳಿಗ್ಗೆ ಹತ್ತು, ತಲುಪುವುದು ಮಧ್ಯಾಹ್ನ ಹನ್ನೆರಡೂವರೆ. ಅದೇ ದಿನ, ಗುರುವಾರ. ಮೂವತ್ತು ವರ್ಷ ಬಸ್ಸುಗಳ ವೇಳಾಪಟ್ಟಿಯನ್ನೇ ಉಂಡು ಹಾಸಿ ಹೊದ್ದವರು. ಒಂದರಿಂದ ಇನ್ನೊಂದನ್ನು ಕಳೆದರು. ಎರಡೂವರೆ ಗಂಟೆ.

“ಎರಡೂವರೆ ಗಂಟೆ ತಾನೇ?” ಎಂದಳು ಹೆಂಡತಿ. “ಕಣ್ಮುಚ್ಚಿ ಹೆದರಿಕೊಂಡ್ರೆ ಮುಗಿದೇ ಹೋಗುತ್ತೆ. ಮನೇಲಿ ಸುಮ್ಮನೆ ಕೂತು ದಿನಾ ಅದಕ್ಕಿಂತ ಜಾಸ್ತಿ ಹೆದರ್ತೀರ ನೀವು.”

ಅಕ್ಕನೂರಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ ಎಂದು ಕಂಟ್ರೋಲರಿಗೆ ಗೊತ್ತಿರಲಿಲ್ಲವೆಂದಲ್ಲ. ಪ್ರತಿ ಭಾನುವಾರ ಐದೂವರೆ ಕಳೆದೇ ಅವಳಿಗೆ ಫೋನು ಮಾಡುತ್ತಿದ್ದರು. ಆದರೆ ಅದು ಫೋನಿನ ಲೆಕ್ಕ, ಇದು ಟಿಕೆಟ್ಟಿನ ಲೆಕ್ಕ. ನಮ್ಮ ನಿಮ್ಮ ತಲೆಗಳಂತೆ ಅವರ ತಲೆಯಲ್ಲೂ ಎರಡು ಖಾನೆಗಳಿದ್ದವು, ನಡುವೆ ಬಾಗಿಲಿರಲಿಲ್ಲ. ಅಕ್ಕ “ಎಷ್ಟು ಗಂಟೆಗೆ ಇಳೀತೀಯ?” ಎಂದು ಕೇಳಿದಾಗ “ಹನ್ನೆರಡೂವರೆಗೆ” ಎಂದರು. ಆ ಉತ್ತರ ಸರಿಯಾಗಿಯೇ ಇದ್ದದ್ದರಿಂದ ತಪ್ಪು ಯಾರಿಗೂ ಸಿಕ್ಕಿಬೀಳಲಿಲ್ಲ.

ಸಿಕ್ಕಿಬೀಳುವ ಸಂದರ್ಭ ಒಂದೇ ಒಂದು ಬಂದಿತ್ತು, ಬಸ್ ನಿಲ್ದಾಣದಲ್ಲಿ. ಮೀಸೆ ಡ್ರೈವರ್ ತನ್ನ ಫೋನಿನಲ್ಲಿ ಎರಡೂ ವಿಮಾನ ನಿಲ್ದಾಣಗಳ ಹೆಸರು ಒತ್ತಿ ನೋಡಿದ.

“ಸಾರ್, ಏಳು ಸಾವಿರ ಕಿಲೋಮೀಟರ್ ತೋರಿಸ್ತಿದೆ. ಹಾರೋದಕ್ಕೆ ಎಂಟು ಗಂಟೆ ಅಂತಿದೆಯಲ್ಲ?”

“ಅದು ಎಲ್ಲಾ ಕಡೆ ನಿಂತು ಹೋಗೋದಿರಬೇಕು ಕಣಯ್ಯ. ಕೈ ತೋರಿಸಿದಲ್ಲೆಲ್ಲ ನಿಲ್ಲೋ ನಿನ್ನ ಗಾಡಿಗೆ ಆರು ಗಂಟೆ, ಅದೇ ದಾರೀಲಿ ಎಕ್ಸ್‌ಪ್ರೆಸ್ಸಿಗೆ ಮೂರು. ಹೌದೋ ಅಲ್ವೋ? ಇದು ನಾನ್‌ಸ್ಟಾಪು. ನೋಡು, ಅಚ್ಚಾಗಿದೆ.”

ಅಚ್ಚಾಗಿದ್ದನ್ನು ನೋಡಿ ಎಲ್ಲರೂ ತಲೆಯಾಡಿಸಿದರು. ವೇಳಾಪಟ್ಟಿಯ ಮಾತಿನಲ್ಲಿ ಕಂಟ್ರೋಲರನ್ನು ಮೀರಿದವರು ಅಲ್ಲಿ ಯಾರಿದ್ದರು? ಮೀಸೆ ಭಾಗಾಕಾರ ಮಾಡಿ ಹೌಹಾರಿದ.

“ಗಂಟೆಗೆ ಎರಡು ಸಾವಿರದ ಎಂಟುನೂರು ಕಿಲೋಮೀಟರ್! ಸಾರ್, ನನ್ನ ಗಾಡಿ ಎಂಬತ್ತು ದಾಟಿದ್ರೆ ಕಿಟಕಿ ಗಾಜು ಉದುರುತ್ತೆ. ಕನ್ನಡಕಕ್ಕೆ ದಾರ ಕಟ್ಕೊಳ್ಳಿ.”

“ಮುಂದಿನ ಹಲ್ಲು ಕಟ್ಟಿಸಿದ್ದೀರಲ್ಲ, ಅದನ್ನ ತೆಗೆದು ಕೈಯಲ್ಲಿ ಹಿಡ್ಕೊಳ್ಳಿ” ಎಂದ ಪಕ್ಕದಲ್ಲಿದ್ದ ಕಂಡಕ್ಟರ್. “ಇಲ್ಲಾಂದ್ರೆ ನಿಮಗಿಂತ ಮುಂಚೆ ಅದು ಹೋಗಿ ಇಳಿಯುತ್ತೆ.”

ಕಂಟ್ರೋಲರೂ ಎಲ್ಲರ ಜೊತೆ ನಕ್ಕರು. ನಕ್ಕು, ಮನೆಗೆ ಹೋಗಿ, ಕನ್ನಡಕಕ್ಕೆ ದಾರ ಕಟ್ಟಿದರು.

ಗುರುವಾರ ಹತ್ತಕ್ಕೆ ವಿಮಾನ ಓಡತೊಡಗಿದಾಗ ಅವರ ಎರಡೂ ಕೈ ಕುರ್ಚಿಯ ತೋಳುಗಳಿಗೆ ಬೆಸುಗೆ ಹಾಕಿದಂತೆ ಅಂಟಿದ್ದವು. ಕರವಸ್ತ್ರದಲ್ಲಿ ಸುತ್ತಿದ ಹಲ್ಲು ಬಲಗೈ ಮುಷ್ಟಿಯಲ್ಲಿತ್ತು. ನೆಲ ಕಳಚಿಕೊಂಡಿತು. ಹೊಟ್ಟೆ ನಿಲ್ದಾಣದಲ್ಲೇ ಉಳಿಯಿತು. ಬೆನ್ನು ಕುರ್ಚಿಗೆ ಒತ್ತಿದಾಗ, ಇಗೋ ಎರಡು ಸಾವಿರದ ಎಂಟುನೂರು ಬಂತು ಎಂದುಕೊಂಡು ಕಣ್ಣು ಮುಚ್ಚಿದರು. ತೆರೆದಾಗ ಎದುರಿನ ಪುಟ್ಟ ಪರದೆಯ ಮೇಲೆ ಭೂಪಟ, ಅದರ ನೀಲಿಯ ಮೇಲೆ ಒಂದು ಪುಟ್ಟ ವಿಮಾನ, ಕೆಳಗೆ ಸಾವಿರಾರು ಅಡಿ ಎತ್ತರದ, ಹೊರಗಿನ ಚಳಿಯ ಅಂಕಿಗಳು. ತಕ್ಷಣ ಕೊಟ್ಟಿದ್ದ ಕಂಬಳಿಯನ್ನು ಪರದೆಯ ಮೇಲೆ ಹೊದಿಸಿಬಿಟ್ಟರು.

ಪಕ್ಕದಲ್ಲಿ ಕೂತಿದ್ದ ದಪ್ಪನೆಯ ಹೆಂಗಸು ಇದನ್ನೆಲ್ಲ ನೋಡುತ್ತಿದ್ದಳು.

“ಹಲ್ಲು ಯಾಕೆ ಕೈಯಲ್ಲಿ?” ಎಂದಳು.

“ವೇಗಕ್ಕೆ” ಎಂದರು ಕಂಟ್ರೋಲರ್.

ಅವಳು ದೀರ್ಘವಾಗಿ ಉಸಿರುಬಿಟ್ಟಳು. “ನಾನು ಹಲ್ಲಿನ ಡಾಕ್ಟರು. ಹೆದರಿದವರ ಮುಖ ನೋಡಿ ನೋಡಿ ಸಾಕಾಗಿ ರಜಾ ಹಾಕಿ ಹೊರಟಿದ್ದೀನಿ. ದಯವಿಟ್ಟು ಹಲ್ಲು ಹಾಕ್ಕೊಳ್ಳಿ.” ಹಾಗೆಂದು ಕಣ್ಣಿಗೆ ಕಪ್ಪುಪಟ್ಟಿ ಕಟ್ಟಿ ಗೊರಕೆಗೆ ಇಳಿದಳು.

ಕಂಟ್ರೋಲರ್ ಎರಡೂವರೆ ಗಂಟೆಗೆ ಬೇಕಾದಷ್ಟು ಧೈರ್ಯವನ್ನು ಅಳೆದು ತಂದಿದ್ದರು. ಎದ್ದು ಓಡಾಡಿದರೆ ವಿಮಾನ ವಾಲೀತೆಂದು ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ. ಕಿಟಕಿಯಾಚೆ ಮೋಡ ಅಲುಗಾಡದೆ ನಿಂತಿತ್ತು. ಇಷ್ಟು ವೇಗದಲ್ಲಿ ಹೋಗುವಾಗ ಎಲ್ಲವೂ ನಿಂತಂತೆ ಕಾಣುವುದೇ ಇರಬೇಕು ಎಂದು ಸಮಾಧಾನ ಹೇಳಿಕೊಂಡರು. ಗಳಿಗೆಗೊಮ್ಮೆ ಕೈಗಡಿಯಾರ ನೋಡಿದರು. ಹನ್ನೆರಡು ದಾಟಿತು, ಬೂಟಿನ ಲಾಡಿ ಬಿಗಿದರು. ಕಾಲು ಗಂಟೆ ಕಳೆಯಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಇನ್ನು ಇಳಿಯುವುದೊಂದೇ ಬಾಕಿ.

ಆಗ ಗಗನಸಖಿಯರು ಬಂದು ಕಿಟಕಿಗಳನ್ನೆಲ್ಲ ಮುಚ್ಚಿಸಿದರು. ದೀಪ ಆರಿತು.

ಊರು ಹತ್ತಿರ ಬಂದಾಗ ದೀಪ ಹಾಕುತ್ತಾರೆಯೇ ಹೊರತು ಯಾವ ಗಾಡಿಯಲ್ಲಾದರೂ ಆರಿಸುತ್ತಾರೆಯೇ? ಜನ ಕುರ್ಚಿ ಹಿಂದಕ್ಕೆ ವಾಲಿಸಿ ಮಲಗುತ್ತಿದ್ದರು. ಕುರಿಗಳು, ಎಂದುಕೊಂಡರು. ಏನೂ ಗೊತ್ತಿಲ್ಲದ ಕುರಿಗಳು.

ಹನ್ನೆರಡೂವರೆ ಆಯಿತು. ವಿಮಾನ ಇಳಿಯಲಿಲ್ಲ. ಮುಕ್ಕಾಲು ಆಯಿತು. ಇಳಿಯುವ ಸೂಚನೆಯೇ ಇಲ್ಲ. ತಡವಾಗುವ ಬಸ್ಸಿಗೆ ಏನೇನು ಕಾರಣಗಳಿರುತ್ತವೆಂದು ಅವರಿಗೆ ಬಾಯಿಪಾಠವಾಗಿತ್ತು. ಚಕ್ರ ಕೂತಿರಬಹುದು, ಬ್ರೇಕ್ ಹೋಗಿರಬಹುದು, ಡ್ರೈವರಿಗೆ ಎದೆನೋವು ಬಂದಿರಬಹುದು. ಆದರೆ ಬಸ್ಸಾದರೆ ಪಕ್ಕಕ್ಕೆ ಹಾಕಿ ನಿಲ್ಲಿಸಬಹುದು. ಇಲ್ಲಿ ಪಕ್ಕಕ್ಕೆ ಹಾಕಲು ಪಕ್ಕವೇ ಇಲ್ಲ. ಕಂಬಳಿಯ ಅಂಚೆತ್ತಿ ಪರದೆ ನೋಡಿದರು. ಸುತ್ತ ಇನ್ನೂ ಬರೀ ನೀಲಿ. ಕಂಬಳಿ ಬಿಟ್ಟುಬಿಟ್ಟರು.

ಅಷ್ಟರಲ್ಲಿ ತಳ್ಳುಗಾಡಿ ಬಂತು. ಗಗನಸಖಿ ಪ್ರತಿಯೊಬ್ಬರ ಮುಂದೆಯೂ ಬಗ್ಗಿ, ನಗುತ್ತಾ, ಊಟದ ತಟ್ಟೆ ಕೊಡುತ್ತಿದ್ದಳು.

ಬಾಯಿಗೆ ಏನಾದರೂ ಬಿದ್ದರೆ ಜನ ಪ್ರಶ್ನೆ ಕೇಳುವುದಿಲ್ಲ. ತಾವೇ ಕಲಿಸಿದ ಪಾಠ ಎದುರಿಗೆ ಬಂದು ನಗುತ್ತಾ ನಿಂತಿತ್ತು. ವಿಮಾನ ಒಮ್ಮೆ ಜೋರಾಗಿ ಕುಲುಕಿತು. ತಲೆಯ ಮೇಲೆ ಬೆಲ್ಟಿನ ಗುರುತು ಹತ್ತಿಕೊಂಡಿತು. ಧ್ವನಿವರ್ಧಕದಲ್ಲಿ ಯಾರೋ ತುಂಬ ಶಾಂತವಾಗಿ ಏನೋ ಹೇಳಿದರು. ಆ ಶಾಂತ ದನಿ ಕೇಳಿಯೇ ಕಂಟ್ರೋಲರಿಗೆ ಖಾತ್ರಿಯಾಯಿತು. ಬಸ್ಸು ಉರುಳಿದ ಸುದ್ದಿ ಬಂದ ಮೇಲೂ ಮೈಕಿನಲ್ಲಿ ತಾವು ಮಾತಾಡುತ್ತಿದ್ದದ್ದು ಅದೇ ದನಿಯಲ್ಲಿ.

ಗಗನಸಖಿಯ ತೋಳು ಹಿಡಿಯುವುದೊಂದು ಬಾಕಿ. “ಅಮ್ಮಾ, ನಾನೂ ಡಿಪಾರ್ಟ್‌ಮೆಂಟಿನವನೇ. ನನ್ನ ಹತ್ರ ಮುಚ್ಚಿಡಬೇಡಿ. ಬೇರೆಯವರಿಗೆ ಹೇಳಲ್ಲ. ಎಷ್ಟು ಲೇಟು?”

“ಲೇಟೇನಿಲ್ಲ ಸರ್. ಹತ್ತು ನಿಮಿಷ ಬೇಗನೇ ಇದ್ದೀವಿ.” ಅವಳು ಮತ್ತೆ ನಕ್ಕಳು. “ಜ್ಯೂಸ್ ಕೊಡ್ಲಾ?”

ಹತ್ತು ನಿಮಿಷ! ಅದೂ ತಮ್ಮದೇ ಮಾತು. ಅವಳು ಚಾಚಿದ ಜ್ಯೂಸಿನ ಲೋಟವನ್ನು ಅವರು ಮುಟ್ಟಲಿಲ್ಲ. ಮೂರು ಗಂಟೆಗೆ ಗಾಲಿಮಂಚ ಬಾಗಿಲ ಬಳಿ ಬರುತ್ತದೆ. ಅಕ್ಕ ಕತ್ತು ಹೊರಳಿಸಿ ನೋಡುತ್ತಾಳೆ. ತಮ್ಮನಿಲ್ಲ. ಇಳಿದು ಕೋಣೆಗೆ ಹೋಗಿ ಮಲಗುತ್ತಾಳೆ. ಆಮೇಲೆ ಯಾರೋ ಬಂದು ಟಿ.ವಿ. ಹಾಕುತ್ತಾರೆ, ಅದರಲ್ಲಿ ಸಮುದ್ರ ತೋರಿಸುತ್ತಾರೆ. ಕಂಟ್ರೋಲರ್ ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಆದರೂ ದನಿ ಹೊರಬಂದೇಬಿಟ್ಟಿತು.

ದಂತವೈದ್ಯೆ ಕಪ್ಪುಪಟ್ಟಿ ಎತ್ತಿದಳು. “ಈಗೇನಾಯ್ತು?”

“ಮೇಡಂ, ವಿಮಾನ ಇಳೀತಿಲ್ಲ. ಇವರು ಹೇಳ್ತಿಲ್ಲ. ಹನ್ನೆರಡೂವರೆಗೆ ಇಳಿಬೇಕಿತ್ತು. ಈಗ ಒಂದೂ ಕಾಲು.”

ಅವಳು ಅವರ ಗಡಿಯಾರ ನೋಡಿದಳು, ಮುಖ ನೋಡಿದಳು. ನಗಲಿಲ್ಲ, ಅದು ಅವಳ ದೊಡ್ಡತನ, ಅಥವಾ ವೃತ್ತಿಯ ಅಭ್ಯಾಸ. “ಅದು ಅವರೂರಿನ ಹನ್ನೆರಡೂವರೆ ರೀ. ನಿಮ್ಮ ಕೈಲಿರೋದು ನಮ್ಮೂರಿನ ಗಡಿಯಾರ. ನಡುವೆ ಐದೂವರೆ ಗಂಟೆ ಇಲ್ವಾ? ಒಟ್ಟು ಎಂಟು ಗಂಟೆ ದಾರಿ ಇದು.”

ಕಂಟ್ರೋಲರ ತಲೆಯ ಎರಡು ಖಾನೆಗಳ ನಡುವಿನ ಗೋಡೆ ದಬಕ್ಕನೆ ಬಿತ್ತು.

“ಮೀಸೆಯ ಫೋನು ಹೇಳಿದ್ದೇ ಸರಿ ಹಾಗಾದ್ರೆ” ಎಂದರು. ಮರುಕ್ಷಣವೇ ಬೆಚ್ಚಿದರು. “ಅಂದ್ರೆ ಇನ್ನೂ ಐದು ಗಂಟೆ ಹತ್ತಿರ ಇದೆಯಾ? ಅಷ್ಟಕ್ಕೆ ನಾನು ತಯಾರಾಗಿ ಬಂದಿಲ್ಲವಲ್ಲ! ಎದ್ರೆ ವಿಮಾನ ವಾಲುತ್ತೆ ಅಂತ ಕೂತಲ್ಲೇ ಕೂತಿದ್ದೀನಿ!”

“ಮೊದಲು ಬಾತ್‌ರೂಮಿಗೆ ಹೋಗಿ ಬನ್ನಿ” ಎಂದಳು ವೈದ್ಯೆ. “ಆಗಿಂದ ಕಾಲು ಅಲ್ಲಾಡಿಸ್ತಿದ್ದೀರ. ವಿಮಾನ ವಾಲಲ್ಲ, ನಾನು ಹೊಣೆ.”

ಹೋಗಿ ಬಂದು ಕೂತ ಮೇಲೆ ಅವಳೇ ಕೇಳಿದಳು, ಇಷ್ಟು ಹೆದರುವವರು ಯಾಕೆ ಹೊರಟಿರಿ ಎಂದು. ಕಂಟ್ರೋಲರ್ ಅಕ್ಕನ ಕಥೆ ಹೇಳಿದರು. ಅವಳ ಧೈರ್ಯ, ನಾಯಿ, ಮೇಷ್ಟರ ಮನೆಯ ಜಗಳ, ಈಗಿನ ಕವಾಟ, ಎರಡು ಸಲ ವಾಪಸ್ ಬಂದದ್ದು. “ಡಾಕ್ಟರ ಮುಖ ಸರಿಯಿಲ್ವಂತೆ. ಒಳಗೆ ಚಳಿಯಂತೆ. ಅವಳು ಮೊದಲಿಂದ್ಲೂ ಹಾಗೆ, ಸರಿಯಿಲ್ಲದ್ದನ್ನ ಸಹಿಸೋಳಲ್ಲ.”

ವೈದ್ಯೆ ಹೇಳಿದಳು: “ನನ್ನ ಹತ್ರ ಬರೋರಲ್ಲಿ ‘ಭಯ ಆಗ್ತಿದೆ’ ಅನ್ನೋರು ಕಮ್ಮಿ. ಕುರ್ಚಿ ಸರಿಯಿಲ್ಲ ಅಂತಾರೆ. ದೀಪ ಕಣ್ಣಿಗೆ ಹೊಡೀತಿದೆ ಅಂತಾರೆ. ನನ್ನ ಮುಖ ಸರಿಯಿಲ್ಲ ಅಂತ ಎದ್ದು ಹೋದೋರೂ ಇದ್ದಾರೆ.”

ಇಷ್ಟು ಹೇಳಿ ಅವಳು ಮತ್ತೆ ಮಲಗಿದಳು. ಕಂಟ್ರೋಲರಿಗೆ ನಿದ್ದೆಯ ಮಾತೆಲ್ಲಿ?

ಅಕ್ಕನಿಗೆ ಭಯವೇ? ನೆಂಟರ ಮಹಡಿ ಎತ್ತರವಾಯಿತೆಂದು ಮಂಡಿನೋವಿನ ನೆವ ಹೇಳಿದ ತಾವು, ಇಡೀ ಜನ್ಮ ನೆವಗಳ ಮೇಲೆಯೇ ಬದುಕಿದ ತಾವು, ಅಕ್ಕನ ಬಾಯಿಂದ ಅದೇ ಜಾತಿಯ ನೆವ ಬಂದಾಗ ಗುರುತು ಹಿಡಿಯದೇ ಹೋದದ್ದು ಹೇಗೆ? ಅಷ್ಟು ಹೊತ್ತೂ ವಿಮಾನ ಬೀಳುತ್ತದೆಂದು ಹೆದರಿಕೊಂಡಿದ್ದರಿಂದ ಇನ್ನೊಂದಕ್ಕೆ ಹೆದರಲು ಪುರಸೊತ್ತಿರಲಿಲ್ಲ. ಈಗ ಆ ಭಯ ಎದ್ದು ಹೋದ ಜಾಗದಲ್ಲಿ ಇದು ಬಂದು ಕೂತಿತು. ಇದು ದೊಡ್ಡದಾಗಿತ್ತು, ಹಳೆಯದಾಗಿತ್ತು, ಸದ್ದು ಮಾಡುತ್ತಿರಲಿಲ್ಲ. ಪ್ರಪಂಚದ ಸಕಲ ಭಯಗಳಿಗೂ ಅವರಿಗಿದ್ದದ್ದು ಒಂದೇ ಗೋಡೆ. ಆ ಗೋಡೆಯೇ ನಡುಗುತ್ತಿದ್ದರೆ ಒರಗುವುದೆಲ್ಲಿ? ಅವಳ ಮುಂದೆ ನಿಂತು ‘ನಾನಿದ್ದೀನಿ’ ಎನ್ನಲು ತಾವು ಯಾವ ಮಹಾ? ಗಂಟೆಗಳು ಕಳೆದವು. ಈ ಸಲ ಅವರು ಗಡಿಯಾರ ನೋಡಲಿಲ್ಲ. ವಿಮಾನ ಇಳಿಯದೆ ಹೀಗೇ ಹಾರುತ್ತಿದ್ದರೂ ಆಗಬಹುದಿತ್ತು ಎಂದು ಒಂದು ಕ್ಷಣ ಅನ್ನಿಸಿ, ಅದಕ್ಕೂ ಹೆದರಿದರು.

ಅಕ್ಕನೂರಿನ ಗಡಿಯಾರದಲ್ಲಿ ಹನ್ನೆರಡೂವರೆಗೆ ಸರಿಯಾಗಿ ಚಕ್ರ ನೆಲ ಮುಟ್ಟಿತು.

ಆಸ್ಪತ್ರೆಯ ಕೋಣೆಯಲ್ಲಿ ಅಕ್ಕ ಮಂಚದ ಅಂಚಿಗೆ ಕೂತಿದ್ದಳು. ಅಳತೆಗಿಂತ ದೊಡ್ಡದಾದ ಆಸ್ಪತ್ರೆಯ ನಿಲುವಂಗಿಯೊಳಗೆ ಅವಳು ಅರ್ಧವಾಗಿದ್ದಳು.

“ಬಂದ್ಯಾ? ಊಟ ಆಯ್ತಾ?”

“ಆಯ್ತಕ್ಕಾ.”

“ವಿಮಾನದಲ್ಲಿ ಹೆದರಿದ್ಯಾ?”

“ಹೆದರಿದ್ದಕ್ಕೆ ಲೆಕ್ಕವೇ ಇಲ್ಲ. ಹಲ್ಲು ಕೈಲಿ ಹಿಡ್ಕೊಂಡು ಕೂತಿದ್ದೆ.”

ಅವಳು ನಗಲು ನೋಡಿದಳು. ಆಗಲಿಲ್ಲ. “ಡಾಕ್ಟರ ಮುಖ ನೋಡಿದ್ಯೇನೋ? ಈಗಷ್ಟೇ ಹೊರಗೆ ಹೋದ್ರಲ್ಲ. ಇವತ್ತು ಬೇಡ ಅನ್ಸುತ್ತೆ. ನಾಳೆ ನೋಡೋಣ ಅಂತ ನೀನೇ ಹೇಳಿಬಿಡು.”

ಡಾಕ್ಟರ ಮುಖ ಎಲ್ಲರ ಮುಖದ ಹಾಗೇ ಇತ್ತು. ಕಂಟ್ರೋಲರ ನಾಲಿಗೆಯ ತುದಿಯಲ್ಲಿ ಮೈಕಿನ ಮಾತುಗಳೆಲ್ಲ ಸಾಲಾಗಿ ನಿಂತಿದ್ದವು: ಏನೂ ಆಗಲ್ಲ, ಹೀಗೆ ಹೋಗಿ ಹಾಗೆ ಬಂದುಬಿಡ್ತೀಯ. ಅವುಗಳ ಹಿಂದೆ ಆ ಜ್ಯೂಸಿನ ಲೋಟ ಕಾಣಿಸಿತು. ಮಾತುಗಳನ್ನು ನುಂಗಿಕೊಂಡರು.

“ಅಕ್ಕಾ, ನಿನಗೆ ಭಯ ಆಗ್ತಿದೆ.”

“ನನಗಾ? ನನಗ್ಯಾಕೋ ಭಯ?” ಎಂದಳು. ಹೊದಿಕೆಯ ಅಂಚು ಹಿಡಿದಿದ್ದ ಅವಳ ಬೆರಳುಗಳು ಬೆಳ್ಳಗಾಗಿದ್ದವು. ಆಮೇಲೆ ತಗ್ಗಿದ ದನಿಯಲ್ಲಿ, “ಆಗ್ತಿದೆ ಕಣೋ. ಏನು ಮಾಡಬೇಕು ಅಂತಲೇ ಗೊತ್ತಾಗ್ತಿಲ್ಲ. ಅಭ್ಯಾಸ ಇಲ್ವಲ್ಲ.”

“ಅದಕ್ಕೇ ನಾನು ಬಂದಿರೋದು.” ಅವರ ದನಿಯೂ ನಡುಗುತ್ತಿತ್ತು; ಅಡಗಿಸಲು ಹೋಗಲಿಲ್ಲ. “ನೀನು ಈ ಕೆಲಸಕ್ಕೆ ಹೊಸಬಳು. ನನಗೆ ಸರ್ವೀಸಿದೆ. ಭಾಗ ಮಾಡ್ಕೊಳ್ಳೋಣ. ಒಳಗೆ ಹೋಗೋದು ನೀನು, ಹೊರಗೆ ಕೂತು ಹೆದರೋದು ನಾನು. ಇಬ್ಬರ ಪಾಲಿಂದೂ ನಾನೇ ಹೆದರ್ತೀನಿ.”

“ಸರಿ ಹೋಗುತ್ತೇನೋ ಇದು?”

“ಗೊತ್ತಿಲ್ಲ ಅಕ್ಕಾ.”

ಅವಳು ತಮ್ಮನನ್ನೇ ದಿಟ್ಟಿಸಿದಳು. ಬಿಗಿಹಿಡಿದಿದ್ದ ಹೊದಿಕೆ ಕೈಯಿಂದ ಜಾರಿತು. “ಸದ್ಯ. ಎಲ್ಲರೂ ಸರಿ ಹೋಗುತ್ತೆ, ಸರಿ ಹೋಗುತ್ತೆ ಅಂತ ನಗ್ತಾ ನಗ್ತಾ ಹೇಳಿ ನನ್ನ ಅರ್ಧ ಜೀವ ತೆಗೆದಿದ್ರು.”

ಮೂರಕ್ಕೆ ಗಾಲಿಮಂಚ ಬಂತು. ಅಕ್ಕ ಹತ್ತಿ ಮಲಗಿದಳು. ಕಂಟ್ರೋಲರ್ ಉದ್ದನೆಯ ಓಣಿಯಲ್ಲಿ ಪಕ್ಕಪಕ್ಕದಲ್ಲೇ ನಡೆದರು. ಅವಳ ಕೈ ಅವರ ಕೈಯಲ್ಲಿತ್ತು, ಅಥವಾ ಅವರದು ಅವಳದರಲ್ಲಿ. ಎರಡೂ ಒಂದೇ ಸಮ ತಣ್ಣಗಿದ್ದವು. ಎರಡು ಸಲ ಅವಳು ಇಳಿದುಬಂದ ಬಾಗಿಲು ಬಂತು. ನರ್ಸು ಇವರಿಗೆ ನಿಲ್ಲಲು ಸನ್ನೆ ಮಾಡಿದಳು. ಕೈಗಳು ಬೇರೆಯಾದವು. ಗಾಲಿಮಂಚ ಹೊಸ್ತಿಲ ಬಳಿ ಗಕ್ಕನೆ ನಿಂತಿತು. ಅಕ್ಕ ಮೊಣಕೈಯೂರಿ ಅರ್ಧ ಎದ್ದಿದ್ದಳು.

“ಪುಕ್ಕಲಾ! ಹೆದರ್ತಿದ್ದೀಯೇನೋ?”

“ಹೆದರ್ತಿದ್ದೀನಿ ಅಕ್ಕಾ!” ಎಂದು ಕಂಟ್ರೋಲರ್ ಇಡೀ ಓಣಿಗೆ ಕೇಳಿಸುವಂತೆ ಕೂಗಿದರು. ಭಾಷೆ ತಿಳಿಯದ ಜನ ತಿರುಗಿ ನೋಡಿದರು. “ಜೋರಾಗಿ ಹೆದರ್ತಿದ್ದೀನಿ!”

“ಹಾಗಾದ್ರೆ ಸರಿ” ಎಂದು ಅಕ್ಕ ಮಲಗಿಕೊಂಡಳು.

ಬಾಗಿಲು ಮುಚ್ಚಿತು. ಕಂಟ್ರೋಲರ್ ಅದರೆದುರಿನ ಕುರ್ಚಿಯಲ್ಲಿ ಕೂತು, ಕೊಟ್ಟ ಮಾತಿನಂತೆ, ನಡುಗತೊಡಗಿದರು.